ಬೆಳೆದ ತೊಗರಿಗೆ ಬೆಲೆ ಕಟ್ಟುವವರು ಯಾರು?



ಈ ಪಾಠ ತೊಗರಿಯ ಮಾರಾಟದ್ದು. ತೊಗರಿ ಬೆಳೆಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮಿರಗ ಮಳೆ ಕೂಡಿದರೆ ಬಿತ್ತಬೇಕು, ನಿಮಗೆ ಗೊತ್ತು. ಕಳೆ ತೆಗೆಯುವುದು ಗೊತ್ತು. ಕುಡಿ ಚಿವುಟುವುದು ಗೊತ್ತು. ಹೂವಿನ ಹೊತ್ತಿಗೆ ಮೋಡ ಕವಿದರೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎನ್ನುವುದೂ ಗೊತ್ತು. ಕೊಯ್ಯುವುದು, ಬಡಿಯುವುದು, ತೂರುವುದು, ಹಸನು ಮಾಡುವುದು, ಚೀಲ ತುಂಬುವುದು – ಎಲ್ಲ ಕೆಲಸದಲ್ಲೂ ನಮ್ಮ ಕೈ ಇದೆ.

ಚೀಲ ಹೊಸ್ತಿಲು ದಾಟಿತು. ಆಮೇಲೆ ಏನಾಯಿತು? ತೊಗರಿ ಯಾರ ಕೈಗೆ ಹೋಯಿತು? ದರ ಎಷ್ಟು ಸಿಕ್ಕಿತು? ತೂಕದಲ್ಲಿ ಎಷ್ಟು ಕಡಿದರು? ಬಹಳ ಮನೆಗಳಲ್ಲಿ ಇದನ್ನು ಹೆಣ್ಣುಮಕ್ಕಳಿಗೆ ಹೇಳುವುದಿಲ್ಲ. ಕೇಳಿದರೆ "ನಿನಗ್ಯಾಕ ಬೇಕು ಅದೆಲ್ಲ" ಅಂತಾರೆ.

ನಮಗೆ ಬೇಕು. ಆ ರೊಕ್ಕದಲ್ಲೇ ಮನೆ ನಡೆಯಬೇಕು. ಸಾಲ ತೀರಬೇಕು. ಮಗಳ ಓದು ಮುಂದುವರಿಯಬೇಕು. ಈಗ ನಮಗೆ ಓದಲು ಬರುತ್ತದೆ. ಕೂಡಿಸಿ ಕಳೆಯಲು ಬರುತ್ತದೆ. ಆದ್ದರಿಂದ ಈ ಲೆಕ್ಕವನ್ನು ನಾವೇ ನೋಡೋಣ.

ನಮ್ಮ ಸೀಮೆ, ನಮ್ಮ ತೊಗರಿ

ಯಾದಗಿರಿ, ಶಹಾಪುರ, ಸುರಪುರದ ಈ ಸೀಮೆಗೆ ಸಗರನಾಡು ಎನ್ನುತ್ತಾರೆ. ಇಲ್ಲಿ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. ನಾರಾಯಣಪುರದ ಬಸವಸಾಗರ ಆಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಬಹಳ ಊರುಗಳಲ್ಲಿ ನೆಲ್ಲು, ಹತ್ತಿ, ಮೆಣಸಿನಕಾಯಿ ಹೆಚ್ಚಾಯಿತು. ಆದರೆ ಕಾಲುವೆ ನೀರು ಎಲ್ಲ ಹೊಲಕ್ಕೂ ಮುಟ್ಟುವುದಿಲ್ಲ. ಮುಟ್ಟದ ಹೊಲಕ್ಕೆ ಮಳೆಯೇ ಗತಿ. ಅಂಥ ಎರೆ ಹೊಲದಲ್ಲಿ ಕೈ ಹಿಡಿಯುವ ಬೆಳೆ ತೊಗರಿ. ಅದರ ಬೇರು ಆಳಕ್ಕೆ ಇಳಿಯುತ್ತದೆ. ಕೆಳಗಿನ ಹಸಿ ಹುಡುಕಿ ಬದುಕುತ್ತದೆ.

ಕಲಬುರಗಿ ಸೀಮೆಯನ್ನು ತೊಗರಿಯ ಕಣಜ ಎಂದು ಕರೆಯುತ್ತಾರೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ "ಈ ಮಣ್ಣಿನ ಬೇಳೆಗೆ ಇದೇ ಮಣ್ಣಿನ ಗುಣ ಇದೆ" ಎಂದು ಕಾನೂನು ಒಪ್ಪಿತು. ಬೇಳೆಗೆ ಹೆಸರು ಬಂತು. ಬೆಳೆದವರ ಮನೆಗೂ ಅಷ್ಟೇ ರೊಕ್ಕ ಬಂತೆ? ಬರದಿದ್ದರೆ ಯಾಕೆ?

ನಮ್ಮಲ್ಲಿ ಹೆಚ್ಚಿನವರು ಸಣ್ಣ ರೈತರು. ಐದು ಎಕರೆಯ ಒಳಗೆ ಹೊಲ ಇದ್ದವರಿಗೆ ಸರ್ಕಾರದ ಲೆಕ್ಕದಲ್ಲಿ ಸಣ್ಣ ರೈತರು ಎನ್ನುತ್ತಾರೆ. ಎರಡೂವರೆ ಎಕರೆಯ ಒಳಗಿದ್ದರೆ ಅತಿ ಸಣ್ಣ ರೈತರು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ 100 ಹಿಡುವಳಿಗಳಲ್ಲಿ 86 ಇಂಥವರವೇ. ಎಂಟು ಚೀಲ, ಹತ್ತು ಚೀಲ ಬೆಳೆದವರಿಗೆ ಮಾರುವ ಕಷ್ಟ ಬೇರೆ. ನೂರು ಚೀಲ ಬೆಳೆದವರಿಗೆ ಬೇರೆ.

ಎಲ್ಲರೂ ಒಂದೇ ಸಲ ಮಾರಿದರೆ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತೇವೆ. ಆ ಹೊತ್ತಿಗೆ ತೊಗರಿ ಒಣಗಿ ನಿಂತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಎಲ್ಲರ ರಾಶಿಯೂ ಆಗುತ್ತದೆ. ನಮ್ಮ ಊರಿನದು ಆಗುತ್ತದೆ. ಪಕ್ಕದ ಊರಿನದೂ ಆಗುತ್ತದೆ. ಕಲಬುರಗಿ, ಬೀದರ್, ವಿಜಯಪುರ, ಮಹಾರಾಷ್ಟ್ರದ್ದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಆಗುತ್ತದೆ.

ಎಲ್ಲ ಚೀಲಗಳೂ ಒಂದೇ ತಿಂಗಳಲ್ಲಿ ಗಂಜಿಗೆ ಬಂದು ಬೀಳುತ್ತವೆ. ಸಂತೆಯಲ್ಲಿ ಬದನೆಕಾಯಿ ನೋಡಿಲ್ಲವೆ? ಹತ್ತು ಬುಟ್ಟಿ ಬಂದ ದಿನ ಒಂದು ದರ. ನೂರು ಬುಟ್ಟಿ ಬಂದ ದಿನ ಇನ್ನೊಂದು ದರ. ತೊಗರಿಗೂ ಇದೇ ಲೆಕ್ಕ. ಮಾಲು ಹೆಚ್ಚು ಬಂದಾಗ ದರ ಇಳಿಯುತ್ತದೆ.

ಬೇಳೆಯನ್ನು ಜನ ವರ್ಷವಿಡೀ ತಿನ್ನುತ್ತಾರೆ. ನಾವು ಮಾತ್ರ ಎರಡು ತಿಂಗಳಲ್ಲಿ ಎಲ್ಲವನ್ನೂ ಮಾರಿಬಿಡುತ್ತೇವೆ. ಉಳಿದ ತಿಂಗಳು ಅದು ವ್ಯಾಪಾರಿಯ ಗೋದಾಮಿನಲ್ಲಿ ಇರುತ್ತದೆ. ಮುಂದೆ ದರ ಏರಿದರೆ ಲಾಭ ಅವನದು. ಅದೇ ಹೊತ್ತಿಗೆ ನಾವು ಕಿರಾಣಿ ಅಂಗಡಿಯಲ್ಲಿ ಕಿಲೊ ಲೆಕ್ಕದಲ್ಲಿ ಬೇಳೆ ಕೊಳ್ಳುತ್ತಿರುತ್ತೇವೆ. 100 ಕಿಲೊ ತೊಗರಿಯನ್ನು ಮಿಲ್ಲಿನಲ್ಲಿ ಒಡೆದರೆ ಸುಮಾರು 70 ಕಿಲೊ ಬೇಳೆ ಬರುತ್ತದೆ. ಒಡೆಯುವ ಖರ್ಚು, ಸಾಗಿಸುವ ಖರ್ಚು, ಅಂಗಡಿಯವನ ಲಾಭ ಎಲ್ಲ ಅದರ ಮೇಲೆ ಕೂಡುತ್ತದೆ.

ದರ ಏರುವುದು, ಇಳಿಯುವುದು

ದರದ ಆಟ ನಮ್ಮ ಊರಿನಲ್ಲಿ ಮಾತ್ರ ನಡೆಯುವುದಿಲ್ಲ. ಹಿಂದೆ ನಡೆದದ್ದನ್ನು ಸ್ವಲ್ಪ ನೋಡೋಣ.

2015ರಲ್ಲಿ ದೇಶದಲ್ಲಿ ತೊಗರಿ ಕಡಿಮೆ ಬೆಳೆಯಿತು. ಅಂಗಡಿಯಲ್ಲಿ ತೊಗರಿ ಬೇಳೆ ಕಿಲೊಗೆ 200 ರೂಪಾಯಿ ತನಕ ಹೋಯಿತು. ನೋಡಿದ ರೈತರೆಲ್ಲ "ಈ ಸಲ ತೊಗರಿನೇ ಹಾಕೋಣ" ಎಂದರು. 2016ರಲ್ಲಿ ಮಳೆಯೂ ಚೆನ್ನಾಗಿ ಬಂತು. ಹಿಂದಿನ ವರ್ಷ ದೇಶದ ಬೆಳೆ ಸುಮಾರು 26 ಲಕ್ಷ ಟನ್ ಇತ್ತು. ಆ ವರ್ಷ ಸುಮಾರು 49 ಲಕ್ಷ ಟನ್ ಆಯಿತು. ಆಗ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. 2017ರ ಆರಂಭದಲ್ಲಿ ಗಂಜಿನ ದರ ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ನಿಂತಿತು. ಹೆಚ್ಚು ಬೆಳೆದದ್ದೇ ರೈತರಿಗೆ ಕಷ್ಟವಾಯಿತು.

2024ರಲ್ಲಿ ತೊಗರಿ ಕ್ವಿಂಟಲಿಗೆ 10,000 ರೂಪಾಯಿ ದಾಟಿತ್ತು. 2025ರ ಜನವರಿಯಲ್ಲಿ ಹೊಸ ಮಾಲು ಬರುತ್ತಿದ್ದಂತೆ ಬೆಂಬಲ ಬೆಲೆಯ ಸುತ್ತಮುತ್ತ ಬಂದು, ಅದಕ್ಕಿಂತ ಕೆಳಕ್ಕೂ ಇಳಿಯಿತು.

ಇನ್ನೊಂದು ಕಾರಣ ಹೊರದೇಶದ ತೊಗರಿ. ನಮ್ಮ ದೇಶದಲ್ಲಿ ಬೆಳೆದದ್ದು ನಮಗೆ ಸಾಲುವುದಿಲ್ಲ. ಬರ್ಮಾ ದೇಶದಿಂದ, ಆಫ್ರಿಕಾ ಖಂಡದ ಮೊಜಾಂಬಿಕ್, ಟಾಂಜಾನಿಯಾ, ಮಲಾವಿ ದೇಶಗಳಿಂದ ಹಡಗಿನಲ್ಲಿ ತೊಗರಿ ಬರುತ್ತದೆ. 2021ರ ಮೇ ತಿಂಗಳಲ್ಲಿ ಆಮದಿನ ಮಿತಿ ತೆಗೆದರು. ಆ ಸಡಿಲಿಕೆಯನ್ನು ಮುಂದೆ ಮತ್ತೆ ಮತ್ತೆ ಬೆಳೆಸಿದರು. ಇದರಿಂದ ಪಟ್ಟಣದಲ್ಲಿ ಬೇಳೆ ಕೊಳ್ಳುವವರಿಗೆ ಅನುಕೂಲ. ನಮ್ಮ ರಾಶಿಯ ಹೊತ್ತಿಗೆ ಹೆಚ್ಚು ಮಾಲು ಬಂದರೆ ನಮಗೆ ಪೆಟ್ಟು. ಅಲ್ಲಿ ಬೆಳೆಯುವವರೂ ನಮ್ಮಂಥ ಸಣ್ಣ ರೈತರೇ. ಅವರೂ ಕೈಯಲ್ಲಿ ಬಡಿದು, ತೂರಿ, ಚೀಲ ತುಂಬುತ್ತಾರೆ.

ಈ ಕಷ್ಟ ಎಲ್ಲ ಬೆಳೆಗೂ ಇದೆ. ತೆಂಗಿನ ನಾಡು ತಿಪಟೂರಿನ ಮಾತು ಕೇಳಿ. ಅಲ್ಲಿನ ಕೊಬ್ಬರಿ ಮಾರುಕಟ್ಟೆ ದೊಡ್ಡದು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ರೂಪಾಯಿ ಇತ್ತು. ಮಾರುಕಟ್ಟೆ ದರ 8,000 ರೂಪಾಯಿಯ ಸುತ್ತ ಇಳಿದಿತ್ತು. ತೆಂಗಿಗೆ ನೀರಿದೆ, ತೋಟವಿದೆ. ಆದರೂ ದರ ಕಟ್ಟುವುದು ಬೆಳೆದವರ ಕೈಯಲ್ಲಿ ಇರಲಿಲ್ಲ.

ಸಾಲದ ಗಂಟು

"ದರ ಕಡಿಮೆ ಇದ್ದರೆ ತಡೆದು ಮಾರಿದರಾಯ್ತು" ಎಂದು ಹೇಳುವುದು ಸುಲಭ. ತಡೆಯಲು ಯಾಕೆ ಆಗುವುದಿಲ್ಲ?

ಬಿತ್ತುವಾಗ ಬೀಜ, ಗೊಬ್ಬರ, ಔಷಧಿಗೆ ರೊಕ್ಕ ಬೇಕು. ಕೆಲವರು ಅಡತಿ ಅಂಗಡಿಯಲ್ಲಿ ತರುತ್ತಾರೆ. ಕೆಲವರು ಊರಿನ ಸಾವ್ಕಾರರ ಹತ್ತಿರ ತರುತ್ತಾರೆ. ಕೊಡುವಾಗಲೇ ಒಂದು ಮಾತು ಇರುತ್ತದೆ: "ರಾಶಿ ಆದ ಮ್ಯಾಲ ಮಾಲು ನಮ್ಮ ಅಂಗಡಿಗೇ ಹಾಕಬೇಕು ನೋಡವ್ವ." ಅಲ್ಲಿಗೆ ನಮ್ಮ ತೊಗರಿ ಬಿತ್ತುವ ದಿನವೇ ಮಾರಿಹೋದಂತೆ. ಬೇರೆ ಅಂಗಡಿಯಲ್ಲಿ ನೂರು ರೂಪಾಯಿ ಹೆಚ್ಚು ಕೊಟ್ಟರೂ ಹೋಗುವ ಹಾಗಿಲ್ಲ.

ಬಡ್ಡಿಯ ಲೆಕ್ಕ ಮಾಡಿ ನೋಡೋಣ. ಜುಲೈಯಲ್ಲಿ 20,000 ರೂಪಾಯಿ ತಂದೆವು ಎಂದುಕೊಳ್ಳಿ. ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ.

ಒಂದು ತಿಂಗಳ ಬಡ್ಡಿ 600 ರೂಪಾಯಿ.
ಆರು ತಿಂಗಳಿಗೆ 3,600 ರೂಪಾಯಿ.
ಜನವರಿಯಲ್ಲಿ ಕೊಡಬೇಕಾದದ್ದು 23,600 ರೂಪಾಯಿ.

ಮೂರು ರೂಪಾಯಿ ಎಂದಾಗ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ 36 ರೂಪಾಯಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಅಲ್ಪಾವಧಿ ಬೆಳೆಸಾಲ ಸಿಕ್ಕರೆ, ಹೇಳಿದ ದಿನದೊಳಗೆ ಕಟ್ಟಿದವರಿಗೆ ಬಡ್ಡಿ ಇಲ್ಲ. ಆದ್ದರಿಂದ ಬಿತ್ತನೆಗೆ ಮೊದಲೇ ಸೊಸೈಟಿಗೆ ಹೋಗಿ ಸದಸ್ಯರಾಗುವುದು, ಸಾಲ ಕೇಳುವುದು ಒಳ್ಳೆಯದು. ಹಂಗಿಲ್ಲದ ಸಾಲ ಇದ್ದರೆ ಮಾಲು ಎಲ್ಲಿ ಬೇಕಾದರೂ ಮಾರಬಹುದು.

ಈ ಗಂಟು ಬಿಚ್ಚದಿದ್ದರೆ ಏನಾಗುತ್ತದೆ ಎಂದು ಶಾಲೆಯಲ್ಲಿ ಕಲಿಸುವ ನಮಗೆ ಹಾಜರಿ ಪುಸ್ತಕ ಹೇಳುತ್ತದೆ. ತೊಗರಿ ಮಾರಿ ಸಾಲ ಕೊಟ್ಟು ಕೈ ಬರಿದಾದ ಮನೆಯವರು ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗುತ್ತಾರೆ. ಅವರ ಜೊತೆ ಮಕ್ಕಳೂ ಹೋಗುತ್ತಾರೆ. ಪರೀಕ್ಷೆಯ ಹೊತ್ತಿಗೆ ಆ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ. ತೊಗರಿಯ ದರದಲ್ಲಿ ಮಗುವಿನ ಓದೂ ಸೇರಿದೆ.

ತೂಕದಲ್ಲಿ ಹೋಗುವುದು

ದರ ಇಳಿಯುವುದು ಕಣ್ಣಿಗೆ ಕಾಣುತ್ತದೆ. ತೂಕದಲ್ಲಿ ಹೋಗುವುದು ಕಾಣುವುದಿಲ್ಲ.

ಊರಿಗೇ ಬಂದು ಕೊಳ್ಳುವವರಿದ್ದಾರೆ. ಟೆಂಪೊ ತರುತ್ತಾರೆ, ತಕ್ಕಡಿ ತರುತ್ತಾರೆ, ಕೈಗೆ ರೊಕ್ಕ ಕೊಡುತ್ತಾರೆ. ಬಾಡಿಗೆ ಉಳಿಯಿತು ಎಂದು ನಮಗೆ ಸಮಾಧಾನ. ಆದರೆ "ಕಸ ಅದ, ಹಸಿ ಅದ, ಚೀಲದ ತೂಕ" ಎಂದು ಕ್ವಿಂಟಲಿಗೆ ಒಂದು ಕಿಲೊ, ಎರಡು ಕಿಲೊ ಕಡಿಯುತ್ತಾರೆ. ಕೆಲವು ಕಡೆ ಇದಕ್ಕೆ ಸೂಟು ಎನ್ನುತ್ತಾರೆ. ಕಮಿಷನ್ ಎಂದು ಬೇರೆ ಮುರಿಯುತ್ತಾರೆ.

ಒಂದು ಲೆಕ್ಕ ಹಾಕೋಣ. ಪಾಟಿ ತೆಗೆದುಕೊಳ್ಳಿ. ಒಂದು ಮನೆಯಲ್ಲಿ 10 ಕ್ವಿಂಟಲ್ ತೊಗರಿ ಇದೆ. ದರ ಕ್ವಿಂಟಲಿಗೆ 7,000 ರೂಪಾಯಿ ಎಂದುಕೊಳ್ಳೋಣ.

ಬರಬೇಕಾದದ್ದು: 10 × 7,000 = 70,000 ರೂಪಾಯಿ.
ಕ್ವಿಂಟಲಿಗೆ 2 ಕಿಲೊ ಸೂಟು ಅಂದರೆ 20 ಕಿಲೊ. ಕಿಲೊಗೆ 70 ರೂಪಾಯಿ. ಹೋದದ್ದು 1,400 ರೂಪಾಯಿ.
ಉಳಿದದ್ದು 68,600 ರೂಪಾಯಿ.
ನೂರಕ್ಕೆ 2 ರೂಪಾಯಿ ಕಮಿಷನ್. ಹೋದದ್ದು 1,372 ರೂಪಾಯಿ.
ಕೈಗೆ ಬಂದದ್ದು 67,228 ರೂಪಾಯಿ.

ಎರಡೂ ಸೇರಿ ಹೋದದ್ದು 2,772 ರೂಪಾಯಿ. ಹೆಣ್ಣುಮಗಳ ದಿನಗೂಲಿ 300 ರೂಪಾಯಿ ಎಂದು ಹಿಡಿದರೆ ಒಂಬತ್ತು ದಿನಕ್ಕೂ ಹೆಚ್ಚಿನ ದುಡಿಮೆ. ಒಂಬತ್ತು ದಿನ ಬಿಸಿಲಲ್ಲಿ ಬಗ್ಗಿ ಕಳೆ ತೆಗೆದದ್ದು ಒಂದು ಚೀಟಿಯ ಎರಡು ಸಾಲಿನಲ್ಲಿ ಹೋಯಿತು.

ತೂಕ ಮಾಡುವಾಗ ಮೂರು ಸಂಗತಿ ನೋಡಿ. ಒಂದು, ಚೀಲ ಇಡುವ ಮೊದಲು ತಕ್ಕಡಿಯಲ್ಲಿ ಸೊನ್ನೆ ಕಾಣಬೇಕು. ಎರಡು, ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರಬೇಕು. ಮೂರು, ಒಂದೊಂದು ಚೀಲದ ತೂಕವನ್ನೂ ನೀವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುವವರು ಎದುರಿಗೆ ನಿಂತರೆ ತೂಗುವವರ ಕೈ ಹುಷಾರಾಗಿರುತ್ತದೆ.

ಗಂಜಿನಲ್ಲಿ ಏನು ನಡೆಯುತ್ತದೆ?

ಯಾದಗಿರಿ, ಶಹಾಪುರ, ಸುರಪುರದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳಿವೆ. ನಾವು ಗಂಜ್ ಎನ್ನುತ್ತೇವೆ. ಇವು 1966ರ ಕಾಯ್ದೆಯ ಕೆಳಗೆ ನಡೆಯುತ್ತವೆ. ರೈತರಿಗೆ ಎದುರಿಗೇ ತೂಕ, ಎದುರಿಗೇ ದರ ಆಗಲಿ ಎಂದೇ ಇವನ್ನು ಮಾಡಿದ್ದಾರೆ.

ಗಂಜಿನಲ್ಲಿ ಮಾಲು ಇಳಿಸಿದ ಮೇಲೆ ನಮ್ಮ ರಾಶಿಗೆ ಒಂದು ಲಾಟ್ ನಂಬರ್ ಕೊಡುತ್ತಾರೆ. ಮೊದಲು ಎಲ್ಲ ಕಡೆ ಕೂಗಿ ಸವಾಲು ಮಾಡುತ್ತಿದ್ದರು. 2014ರ ನಂತರ ಕರ್ನಾಟಕದ ಬಹಳ ಮಾರುಕಟ್ಟೆಗಳಲ್ಲಿ ಕಂಪ್ಯೂಟರಿನ ಟೆಂಡರ್ ಬಂದಿದೆ. ವ್ಯಾಪಾರಿಗಳು ಮಾಲು ನೋಡಿ, ತಮ್ಮ ದರವನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಹೆಚ್ಚು ದರ ಹಾಕಿದವರಿಗೆ ಮಾಲು. ಆ ದರ ನಮಗೆ ಒಪ್ಪಿಗೆ ಇಲ್ಲದಿದ್ದರೆ ಕೊಡುವುದಿಲ್ಲ ಎನ್ನಬಹುದು. ಇದು ನಮ್ಮ ಹಕ್ಕು. "ಇಷ್ಟಕ್ಕ ಕೊಡೂದಿಲ್ರಿ" ಎಂದು ಹೇಳಲು ಹೆದರಬೇಕಾಗಿಲ್ಲ.

ಇನ್ನೂ ಒಂದು ನಿಯಮ ನೆನಪಿಡಿ. ಅಡತಿಯ ಕಮಿಷನ್ ಕೊಡಬೇಕಾದವರು ಮಾಲು ಕೊಳ್ಳುವವರು. ಮಾರುಕಟ್ಟೆಯ ಶುಲ್ಕ ಕೊಡುವವರೂ ಅವರೇ. ರೈತರ ರೊಕ್ಕದಲ್ಲಿ ಇದನ್ನು ಮುರಿಯುವಂತಿಲ್ಲ. ಹಮಾಲಿಗೆ ದರ ಗೊತ್ತುಮಾಡಿರುತ್ತಾರೆ. ಎಷ್ಟು ಎಂದು ಸಮಿತಿಯ ಕಚೇರಿಯಲ್ಲಿ ಕೇಳಬಹುದು.

ತೂಕವಾದ ಮೇಲೆ ಲೆಕ್ಕದ ಪಟ್ಟಿ ಕೇಳಿ ಪಡೆಯಿರಿ. ಬಿಳಿ ಹಾಳೆಯ ಚೀಟಿ ಬೇಡ. ಅಂಗಡಿಯ ಹೆಸರು ಅಚ್ಚಾದ ಪಟ್ಟಿ ಬೇಕು. ಅದರಲ್ಲಿ ಓದಬೇಕಾದದ್ದು ಇಷ್ಟು:

– ತಾರೀಖು ಮತ್ತು ನಮ್ಮ ಹೆಸರು
– ಎಷ್ಟು ಚೀಲ, ಎಷ್ಟು ತೂಕ
– ಕ್ವಿಂಟಲಿಗೆ ಎಷ್ಟು ದರ
– ಏನೇನು ಕಡಿತ, ಯಾಕೆ
– ಕೊನೆಗೆ ಕೈಗೆ ಬರುವ ರೊಕ್ಕ

ತಪ್ಪು ಕಂಡರೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಬರೆದು ಕೊಡಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಪಟ್ಟಿ ಕೈಯಲ್ಲಿದ್ದರೆ ಅದೇ ಸಾಕ್ಷಿ.

ಮನೆಯಿಂದ ಹೊರಡುವ ಮೊದಲು ದರ ತಿಳಿಯಿರಿ. ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ದಿನದ ದರ ಬರುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ ಎಂದು ಬರೆದಿರುತ್ತದೆ. ಕನಿಷ್ಠ ಅಂದರೆ ಎಲ್ಲಕ್ಕಿಂತ ಕಡಿಮೆ ದರ. ಗರಿಷ್ಠ ಅಂದರೆ ಎಲ್ಲಕ್ಕಿಂತ ಹೆಚ್ಚು ದರ. ಗರಿಷ್ಠ ದರ ಒಂದೆರಡು ಒಳ್ಳೆಯ ರಾಶಿಗೆ ಮಾತ್ರ ಸಿಕ್ಕಿರಬಹುದು. ಬಹಳ ಮಾಲು ಯಾವ ದರಕ್ಕೆ ಹೋಯಿತು ಎಂದೂ ನೋಡಬೇಕು.

ಬೆಂಬಲ ಬೆಲೆ ಎಂದರೇನು?

ಪ್ರತಿ ವರ್ಷ ಕೇಂದ್ರ ಸರ್ಕಾರ ಒಂದು ಬೆಲೆ ಹೇಳುತ್ತದೆ. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಬಿದ್ದರೆ ಸರ್ಕಾರವೇ ಆ ಬೆಲೆಗೆ ಕೊಳ್ಳುತ್ತದೆ. ಅದೇ ಬೆಂಬಲ ಬೆಲೆ. ತೊಗರಿಗೆ ಅದು 2020-21ರಲ್ಲಿ 6,000 ರೂಪಾಯಿ ಇತ್ತು. 2023-24ರಲ್ಲಿ 7,000. 2024-25ರಲ್ಲಿ 7,550. ಆ ವರ್ಷ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು. 2025-26ಕ್ಕೆ ಕೇಂದ್ರದ ಬೆಲೆಯೇ 8,000 ರೂಪಾಯಿ ಆಯಿತು.

ಆದರೆ ಒಂದು ಮಾತು ತಿಳಿದಿರಲಿ. ಗಂಜಿನ ವ್ಯಾಪಾರಿ ಇದೇ ಬೆಲೆ ಕೊಡಬೇಕೆಂದು ಕಾನೂನು ಇಲ್ಲ. ಬೆಂಬಲ ಬೆಲೆ ಸಿಗುವುದು ಖರೀದಿ ಕೇಂದ್ರದಲ್ಲಿ. ಸಹಕಾರ ಸಂಘಗಳಲ್ಲಿ, ರೈತರ ಕಂಪನಿಗಳಲ್ಲಿ ಈ ಕೇಂದ್ರ ತೆರೆಯುತ್ತಾರೆ. ಮೊದಲು ಹೆಸರು ನೋಂದಾಯಿಸಬೇಕು. ನೋಂದಣಿಗೆ ದಿನಗಳ ಮಿತಿ ಇರುತ್ತದೆ. ಎಕರೆಗೆ ಇಷ್ಟೇ, ಒಬ್ಬ ರೈತರಿಂದ ಇಷ್ಟೇ ಎಂದು ಮಾಲಿಗೂ ಮಿತಿ ಇರುತ್ತದೆ. ರೊಕ್ಕ ಕೈಗೆ ಬರುವುದಿಲ್ಲ, ಬ್ಯಾಂಕಿನ ಖಾತೆಗೆ ಬರುತ್ತದೆ. ಬರಲು ದಿನ ಹಿಡಿಯುತ್ತದೆ.

ಸಣ್ಣ ರೈತರು ಸೋಲುವುದು ಇಲ್ಲಿಯೇ. ಕೇಂದ್ರ ತೆರೆಯುವ ಹೊತ್ತಿಗೆ ಕೆಲವರ ಮಾಲು ಹೋಗಿರುತ್ತದೆ. ಕೆಲವರಿಗೆ ರೊಕ್ಕ ಬರುವ ತನಕ ಕಾಯುವ ಶಕ್ತಿ ಇರುವುದಿಲ್ಲ. ಅವರ ತೊಗರಿಯನ್ನು ಕಡಿಮೆ ದರಕ್ಕೆ ಕೊಂಡವರು ಲಾಭ ಮಾಡಿಕೊಳ್ಳುತ್ತಾರೆ.

ನಮ್ಮ 10 ಕ್ವಿಂಟಲಿನ ಲೆಕ್ಕಕ್ಕೆ ಮತ್ತೆ ಬರೋಣ. 8,000ದ ದರದಲ್ಲಿ 80,000 ರೂಪಾಯಿ. ಗಾಡಿ ಬಾಡಿಗೆ, ಹಮಾಲಿಗೆ 1,500 ಹೋಯಿತು ಎನ್ನಿ. ಉಳಿದದ್ದು 78,500. ಊರಿನಲ್ಲಿ ಮಾರಿದಾಗ ಬಂದದ್ದು 67,228. ಎಷ್ಟು ವ್ಯತ್ಯಾಸ? ನೀವೇ ಕಳೆದು ನೋಡಿ.

ಕಾಗದ ಯಾರ ಹೆಸರಲ್ಲಿದೆ?

ನೋಂದಣಿಗೆ ಆಧಾರ್ ಕಾರ್ಡು ಬೇಕು. ಬ್ಯಾಂಕಿನ ಪಾಸ್‌ಬುಕ್ ಬೇಕು. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ರೈತರ ಗುರುತಿನ ನಂಬರ್ ಬೇಕು. ಅದಕ್ಕೆ ಎಫ್‌ಐಡಿ ಎನ್ನುತ್ತಾರೆ. ಅದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು. ಬೆಳೆ ಸಮೀಕ್ಷೆಯಲ್ಲಿ ನಮ್ಮ ಹೊಲದಲ್ಲಿ ತೊಗರಿ ಇದೆ ಎಂದು ದಾಖಲಾಗಿರಬೇಕು. ಹತ್ತಿ ಎಂದು ದಾಖಲಾಗಿದ್ದರೆ ತೊಗರಿ ಕೊಳ್ಳುವುದಿಲ್ಲ.

ಎಲ್ಲಕ್ಕೂ ಮೊದಲು ಪಹಣಿ. ಅದರಲ್ಲಿ ಯಾರ ಹೆಸರಿದೆಯೋ ಅವರಿಗೆ ನೋಂದಣಿ. ಗಂಡ ತೀರಿಕೊಂಡ ಎಷ್ಟೋ ಅಕ್ಕಂದಿರು ತಾವೇ ಹೊಲ ಮಾಡುತ್ತಾರೆ. ಪಹಣಿ ಮಾತ್ರ ಇನ್ನೂ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಬೆಳೆದವರು ಅವರೇ ಆದರೂ ಕಾಗದದಲ್ಲಿ ಅವರು ರೈತರಲ್ಲ. ಬೆಂಬಲ ಬೆಲೆಯ ಬಾಗಿಲು ಅವರಿಗೆ ಮುಚ್ಚಿರುತ್ತದೆ.

ಇದಕ್ಕೆ ದಾರಿ ಇದೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣದ ಪ್ರಮಾಣ ಪತ್ರ ಮತ್ತು ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ರಾಶಿಯ ಹೊತ್ತಿಗೆ ಓಡಾಡಿದರೆ ಆಗುವುದಿಲ್ಲ. ಬೇಸಿಗೆಯಲ್ಲೇ ಶುರುಮಾಡಿ. ಅರ್ಜಿಯನ್ನು ನೀವೇ ಓದಿ. ನಿಮ್ಮ ಹೆಸರಿನ ಅಕ್ಷರ ಆಧಾರ್, ಪಾಸ್‌ಬುಕ್, ಪಹಣಿ ಮೂರರಲ್ಲೂ ಒಂದೇ ಇದೆಯೇ ನೋಡಿ. ಅಕ್ಷರ ಬೇರೆಯಾದರೂ ರೊಕ್ಕ ನಿಲ್ಲುತ್ತದೆ.

ಒಣಗಿಸೋಣ, ಹಸನು ಮಾಡೋಣ, ಪಾಲು ಮಾಡಿ ಮಾರೋಣ

ದರ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಮಾಲಿನ ಗುಣ ನಮ್ಮ ಕೈಯಲ್ಲಿದೆ. ಖರೀದಿ ಕೇಂದ್ರದಲ್ಲಿ ತೊಗರಿಯ ತೇವ ನೂರಕ್ಕೆ 12ಕ್ಕಿಂತ ಹೆಚ್ಚು ಇರಬಾರದು. ಯಂತ್ರ ಇಟ್ಟು ನೋಡುತ್ತಾರೆ. ಹೆಚ್ಚಿದ್ದರೆ ತಿರುಗಿ ಕಳಿಸುತ್ತಾರೆ. ಹೋಗಿ ಬರುವ ಬಾಡಿಗೆ ನಮ್ಮ ತಲೆಗೆ. ಆದ್ದರಿಂದ ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಟಕ್ ಎಂದು ಒಡೆಯಬೇಕು. ಮಣ್ಣು, ಕಡ್ಡಿ, ಮುರುಕು ಕಾಳು, ಹುಳ ಹಿಡಿದ ಕಾಳು ತೆಗೆಯಿರಿ. ಹಸನಾದ ಮಾಲಿಗೆ ಸೂಟು ಕೇಳಲು ನೆಪ ಇರುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಮಾರಬೇಡಿ. ಎಲ್ಲವನ್ನೂ ತಡೆಯಲೂ ಬೇಡಿ. ತಡೆದರೆ ದರ ಏರಿಯೇ ಏರುತ್ತದೆ ಎನ್ನುವ ಹಾಗಿಲ್ಲ. 2024ರ ದರ ನೋಡಿ ಇಟ್ಟುಕೊಂಡವರು 2025ರಲ್ಲಿ ಕಳೆದುಕೊಂಡರು. ಪಾಲು ಮಾಡುವುದು ಜಾಣತನ. ತುರ್ತು ಸಾಲಕ್ಕೆ ಬೇಕಾದಷ್ಟು ಈಗ ಮಾರಿ. ಒಂದು ಪಾಲನ್ನು ಬೆಂಬಲ ಬೆಲೆಯ ಕೇಂದ್ರಕ್ಕೆ ಇಡಿ. ಇನ್ನೊಂದು ಪಾಲು ಯುಗಾದಿಯ ನಂತರ ನೋಡೋಣ ಎಂದು ಇಡಿ. ಮನೆಗೆ ಬೇಕಾದ ಬೇಳೆಗೆ, ಬೀಜಕ್ಕೆ ತೊಗರಿ ಎತ್ತಿಡುವುದನ್ನು ಮರೆಯಬೇಡಿ.

ಇಟ್ಟ ತೊಗರಿಗೆ ಹುಳ ಬೀಳದ ಹಾಗೆ ನೋಡಿಕೊಳ್ಳಬೇಕು. ಕೆಮ್ಮಣ್ಣು ಕಟ್ಟುವುದು, ಬೇವಿನ ಸೊಪ್ಪು ಹಾಕುವುದು ನಮ್ಮ ಅವ್ವಂದಿರಿಗೆ ಗೊತ್ತಿದ್ದ ವಿದ್ಯೆ. ಹೆಚ್ಚು ಮಾಲು ಇದ್ದರೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಕೇಳಿ ತಿಳಿಯಬಹುದು. ಮನೆಯಲ್ಲಿ ಜಾಗ ಇಲ್ಲದಿದ್ದರೆ ಉಗ್ರಾಣದಲ್ಲಿ ಇಟ್ಟು ರಸೀತಿ ಪಡೆಯಬಹುದು. ಆ ರಸೀತಿಯ ಮೇಲೆ ಸಾಲ ಸಿಗುತ್ತದೆ. ಇದಕ್ಕೆ ಅಡಮಾನ ಸಾಲ ಎನ್ನುತ್ತಾರೆ. ನಮ್ಮ ತಾಲೂಕಿನಲ್ಲಿ ಇದು ಸಿಗುತ್ತದೆಯೇ, ಬಡ್ಡಿ ಎಷ್ಟು, ಬಾಡಿಗೆ ಎಷ್ಟು ಎಂದು ಮೊದಲೇ ಗಂಜಿನ ಕಚೇರಿಯಲ್ಲಿ ಕೇಳಿಕೊಳ್ಳಿ.

ಕೂಡಿ ಮಾರೋಣ

ಎಂಟು ಚೀಲಕ್ಕೆ ಒಂದು ಗಾಡಿ ಮಾಡಿದರೆ ಬಾಡಿಗೆ ಭಾರ. ಐದು ಮನೆಯವರು ಕೂಡಿದರೆ ನಲವತ್ತು ಚೀಲ. ಒಂದೇ ಟ್ರ್ಯಾಕ್ಟರ್ ಸಾಕು. ಬಾಡಿಗೆ ಐದು ಪಾಲಾಗುತ್ತದೆ. ದೊಡ್ಡ ರಾಶಿ, ಒಂದೇ ಹಸನಿನ ಮಾಲು ಕಂಡರೆ ವ್ಯಾಪಾರಿಗಳೂ ಮುಂದೆ ಬರುತ್ತಾರೆ. ಒಬ್ಬರು ತೂಕ ನೋಡಬಹುದು, ಒಬ್ಬರು ಬರೆದುಕೊಳ್ಳಬಹುದು, ಒಬ್ಬರು ದರ ಮಾತಾಡಬಹುದು.

ಊರೂರಲ್ಲಿ ನಮ್ಮ ಸ್ವಸಹಾಯ ಸಂಘಗಳಿವೆ. ವಾರಕ್ಕೊಮ್ಮೆ ಕೂಡುತ್ತೇವೆ. ಉಳಿತಾಯ ಬರೆಯುತ್ತೇವೆ. ಅದೇ ಪುಸ್ತಕದಲ್ಲಿ ಇನ್ನೊಂದು ಹಾಳೆ ತೆರೆಯೋಣ. ಯಾರ ಮನೆಯಲ್ಲಿ ಎಷ್ಟು ತೊಗರಿ, ಯಾರಿಗೆ ಯಾವಾಗ ರೊಕ್ಕ ಬೇಕು ಎಂದು ಬರೆಯೋಣ. ತುರ್ತು ಇದ್ದವರಿಗೆ ಸಂಘದ ಉಳಿತಾಯದಿಂದ ಸಣ್ಣ ಸಾಲ ಕೊಟ್ಟರೆ ಅವರ ಮಾಲು ಕಡಿಮೆ ದರಕ್ಕೆ ಹೋಗುವುದು ತಪ್ಪುತ್ತದೆ. ರೈತರು ಕೂಡಿ ಕಂಪನಿಯನ್ನೂ ಕಟ್ಟಬಹುದು. 2020ರಲ್ಲಿ ದೇಶದಲ್ಲಿ 10,000 ಇಂಥ ಸಂಸ್ಥೆಗಳನ್ನು ಕಟ್ಟುವ ಯೋಜನೆ ಬಂತು. ನಿಮ್ಮ ಹೋಬಳಿಯಲ್ಲಿ ಒಂದು ಇದೆಯೇ, ಅದರಲ್ಲಿ ಹೆಣ್ಣುಮಕ್ಕಳು ಸದಸ್ಯರಾಗಿದ್ದಾರೆಯೇ ಎಂದು ವಿಚಾರಿಸಿ.

ಕೂಡಿ ಮಾರಿದ ಮಾತ್ರಕ್ಕೆ ಆಮದು ನಿಲ್ಲುವುದಿಲ್ಲ. ಬರ ನಿಲ್ಲುವುದಿಲ್ಲ. ಸೂಟು ನಿಲ್ಲಿಸಬಹುದು. ಸುಳ್ಳು ಕಮಿಷನ್ ನಿಲ್ಲಿಸಬಹುದು. ಬಾಡಿಗೆ ಉಳಿಸಬಹುದು. ನೋಂದಣಿಯ ದಿನ ತಪ್ಪದಂತೆ ಒಬ್ಬರಿಗೊಬ್ಬರು ಹೇಳಬಹುದು. ಸಣ್ಣ ಮನೆಗೆ ಇಷ್ಟೂ ದೊಡ್ಡದೇ.

ಕೂಡಿ ಮಾತಾಡೋಣ, ಮಾಡೋಣ

1. ಹೋದ ವರ್ಷ ನಿಮ್ಮ ಮನೆಯ ತೊಗರಿ ಎಲ್ಲಿ, ಯಾವ ದರಕ್ಕೆ ಹೋಯಿತು? ಮನೆಯಲ್ಲಿ ಕೇಳಿ ಬರೆಯಿರಿ.

2. ಹಳೆಯ ಲೆಕ್ಕದ ಪಟ್ಟಿ ಇದ್ದರೆ ಕಲಿಕೆಯ ಕೇಂದ್ರಕ್ಕೆ ತನ್ನಿ. ಕಡಿತದ ಸಾಲುಗಳನ್ನು ಎಲ್ಲರೂ ಕೂಡಿ ಓದೋಣ.

3. 78,500ರಲ್ಲಿ 67,228 ಕಳೆಯಿರಿ. ಉಳಿದ ರೊಕ್ಕದಲ್ಲಿ ನಿಮ್ಮ ಮನೆಗೆ ಏನು ಮಾಡಬಹುದು?

4. ನಿಮ್ಮ ಹೊಲದ ಪಹಣಿ ಯಾರ ಹೆಸರಲ್ಲಿದೆ? ತಂದು ಹೆಸರು ಮತ್ತು ಸರ್ವೆ ನಂಬರ್ ಓದಿ.

5. ಈ ಮಾತುಗಳನ್ನು ಬರೆಯಿರಿ: ತೊಗರಿ, ತೂಕ, ದರ, ಪಟ್ಟಿ, ಕಡಿತ, ಖಾತೆ, ಪಹಣಿ, ಹಕ್ಕು.